ಶಂಕೆ ಮತ್ತು ಪರೀಕ್ಷೆ: ಕವಿ ಬನಾರಸೀದಾಸರ ನಿದರ್ಶನ

ಸಮ್ಯಗ್ದರ್ಶನಕ್ಕೆ ಆಚಾರ್ಯರು ಎಂಟು ಅಂಗಗಳನ್ನು ಹೇಳಿದ್ದಾರೆ. ಅವುಗಳಲ್ಲಿ ಮೊದಲನೆಯದು ನಿಃಶಂಕಿತ, ನಾಲ್ಕನೆಯದು ಅಮೂಢದೃಷ್ಟಿ. ಮೊದಲನೆಯ ಅಂಗದ ಹೆಸರನ್ನು ಬಲ್ಲ ಶ್ರಾವಕರು ಬಹಳ ಮಂದಿ. ನಾಲ್ಕನೆಯದನ್ನು ನೆನಪಿನಲ್ಲಿಟ್ಟುಕೊಂಡವರು ವಿರಳ. ಮನೆಯಲ್ಲಿ ಮಗನೋ ಮಗಳೋ ಒಂದು ಆಚರಣೆಯ ಕಾರಣವನ್ನು ಕೇಳಿದರೆ, "ಶಂಕೆ ಪಡುವುದು ಸಮ್ಯಕ್ತ್ವಕ್ಕೆ ದೋಷ, ಹಾಗೆಲ್ಲ ಕೇಳಬಾರದು" ಎಂದು ಹಿರಿಯರು ಬಾಯಿ ಮುಚ್ಚಿಸುವುದು ಸಾಮಾನ್ಯವಾಗಿದೆ. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಸಮ್ಯಗ್ದೃಷ್ಟಿಯ ಐದು ಅತಿಚಾರಗಳನ್ನು ಎಣಿಸುವಾಗ ಶಂಕೆಯನ್ನೇ ಮೊದಲು ಹೇಳಿರುವುದು ನಿಜ. ಆದರೆ ಅದೇ ಸೂತ್ರಕಾರರು ಮೊದಲನೆಯ ಅಧ್ಯಾಯದಲ್ಲಿ, ಜೀವಾದಿ ತತ್ತ್ವಗಳನ್ನು ಅರಿಯಬೇಕಾದದ್ದು ಪ್ರಮಾಣ ಮತ್ತು ನಯಗಳಿಂದ ಎಂದೂ ಹೇಳಿದ್ದಾರೆ. ಪ್ರಮಾಣವೆಂದರೆ ಅಳೆಯುವ ಸಾಧನ. ಅಳೆಯಲೇಬಾರದೆಂದು ಅವರ ಅಭಿಪ್ರಾಯವಾಗಿದ್ದರೆ ಅಳತೆಗೋಲನ್ನು ಶಿಷ್ಯರ ಕೈಗೆ ಕೊಡುವ ಪ್ರಮೇಯವೇ ಇರಲಿಲ್ಲ.

ಸ್ವಾಮಿ ಸಮಂತಭದ್ರರು ಆಪ್ತಮೀಮಾಂಸೆಯನ್ನು ಆರಂಭಿಸಿರುವ ರೀತಿಯೂ ವಿಚಾರಾರ್ಹವಾದುದು. ದೇವತೆಗಳು ಇಳಿದು ಬರುವುದು, ಆಕಾಶದಲ್ಲಿ ಸಂಚರಿಸುವುದು, ಚಾಮರಗಳ ವೈಭವ ಇವೆಲ್ಲ ಮಾಯಾವಿಗಳಲ್ಲಿಯೂ ಕಂಡುಬರುವಂಥವು; ಅಷ್ಟರಿಂದಲೇ ಒಬ್ಬರನ್ನು ಮಹಾತ್ಮರೆಂದು ಒಪ್ಪಲಾಗದು ಎಂದು ಅವರು ಭಗವಂತನನ್ನೇ ಸಂಬೋಧಿಸಿ ಹೇಳುತ್ತಾರೆ. ಯುಕ್ತಿಗೂ ಶಾಸ್ತ್ರಕ್ಕೂ ವಿರೋಧವಾಗದ ಮಾತು ಯಾರದೋ ಅವರೇ ಆಪ್ತರು ಎಂಬುದು ಅವರ ನಿಶ್ಚಯ. ಸ್ತುತಿಯನ್ನು ಪರೀಕ್ಷೆಯಿಂದ ಆರಂಭಿಸುವ ಧೈರ್ಯ ಲೋಕದ ಧರ್ಮಸಾಹಿತ್ಯದಲ್ಲಿ ಅಪರೂಪವಾದುದು. ಅದೇ ಆಚಾರ್ಯರ ರತ್ನಕರಂಡಕ ಶ್ರಾವಕಾಚಾರದಲ್ಲಿ ಲೋಕಮೂಢ, ದೇವಮೂಢ, ಪಾಷಂಡಿಮೂಢ ಎಂಬ ಮೂರು ಮೂಢತೆಗಳ ವಿವರವಿದೆ. ಪಾಠಶಾಲೆಯ ಮಕ್ಕಳೂ ಬಲ್ಲ ಈ ವಿಷಯವನ್ನು ಇಲ್ಲಿ ವಿಸ್ತರಿಸುವ ಅಗತ್ಯವಿಲ್ಲ.

ತೊಡಕಿರುವುದು ಬೇರೆಡೆಯಲ್ಲಿ. ಮೂರು ಮೂಢತೆಗಳ ಹೆಸರನ್ನು ಬಾಯಿಪಾಠ ಮಾಡಿದ ಮಾತ್ರಕ್ಕೆ ಪರೀಕ್ಷಿಸುವ ಸ್ವಭಾವ ಬಂದುಬಿಡುವುದಿಲ್ಲ. ಅದು ಮನುಷ್ಯನಲ್ಲಿ ಹೇಗೆ ಬೆಳೆಯುತ್ತದೆ, ಬೆಳೆಯುವಾಗ ಎಲ್ಲೆಲ್ಲಿ ದಾರಿ ತಪ್ಪುತ್ತದೆ ಎಂಬುದನ್ನು ಶಾಸ್ತ್ರಗ್ರಂಥಗಳಿಗಿಂತ ಒಂದು ಜೀವನಚರಿತ್ರೆ ಸ್ಪಷ್ಟವಾಗಿ ತೋರಿಸಬಲ್ಲದು. ಅಂತಹ ಚರಿತ್ರೆಯೊಂದನ್ನು ಜೈನ ವ್ಯಾಪಾರಿಯೊಬ್ಬರು 1641ರಲ್ಲಿ ಆಗ್ರಾ ನಗರದಲ್ಲಿ ಬರೆದು ಮುಗಿಸಿದರು. ಅವರು ಕವಿ ಬನಾರಸೀದಾಸರು. ಗ್ರಂಥದ ಹೆಸರು ಅರ್ಧಕಥಾನಕ. ಮನುಷ್ಯನ ಪೂರ್ಣಾಯುಷ್ಯ ನೂರ ಹತ್ತು ವರ್ಷವೆಂದು ಎಣಿಸಿ, ಐವತ್ತೈದು ವರ್ಷ ತುಂಬಿದಾಗ ಬರೆದ ಅರ್ಧ ಜೀವನದ ಕಥೆಯಾದುದರಿಂದ ಈ ಹೆಸರು. ಭಾರತೀಯ ಭಾಷೆಗಳಲ್ಲಿ ಇಷ್ಟು ಹಿಂದಿನ ಸಮಗ್ರ ಆತ್ಮಚರಿತ್ರೆ ಮತ್ತೊಂದು ಸಿಗುವುದು ಕಷ್ಟ. ಪಂಡಿತ ನಾಥೂರಾಮ ಪ್ರೇಮಿಯವರು ಸಂಪಾದಿಸಿದ ಆವೃತ್ತಿ 1943ರಲ್ಲಿ ಹೊರಬಂದಿತು. 1981ರಲ್ಲಿ ಮುಕುಂದ ಲಾಠರ ಇಂಗ್ಲಿಷ್ ಅನುವಾದ ಜಯಪುರದಿಂದ ಪ್ರಕಟವಾಯಿತು.

ಬನಾರಸೀದಾಸರು ಜೌನಪುರದ ಶ್ರೀಮಾಲ ಮನೆತನದಲ್ಲಿ 1586ರಲ್ಲಿ ಜನಿಸಿದರು. ತಂದೆ ಖರಗಸೇನರು ರತ್ನವ್ಯಾಪಾರಿಗಳು. ಸಂತಾನವಿಲ್ಲದೆ ಕೊರಗುತ್ತಿದ್ದ ಖರಗಸೇನರು ಮಡದಿಯೊಡನೆ ರೋಹತಕದ ಸತಿಯ ಸ್ಥಾನಕ್ಕೆ ಹರಕೆ ಹೊತ್ತು ಹೋದರು. ದಾರಿಯಲ್ಲಿ ಕಳ್ಳರು ಎಲ್ಲವನ್ನೂ ದೋಚಿದರು. ಉಟ್ಟ ಬಟ್ಟೆಯಲ್ಲಿ ಮನೆಗೆ ಮರಳಿದರೂ ಹರಕೆಯ ಮೇಲಿನ ನಂಬಿಕೆ ಕುಗ್ಗಲಿಲ್ಲ. ಮಗನನ್ನು ಬೇಡಲು ಹೋದವರಿಗೆ ದೊರೆತ ಫಲ ಇದು, ಆದರೂ ತಿಳಿವಳಿಕೆ ಬರಲಿಲ್ಲವಲ್ಲ ಎಂದು ಮಗನೇ ಮುಂದೆ ವಿನೋದವಾಗಿ ಬರೆಯುತ್ತಾರೆ. ಮಗು ಹುಟ್ಟಿದಾಗ ಇಟ್ಟ ಹೆಸರು ವಿಕ್ರಮಾಜಿತ. ಕೆಲವು ತಿಂಗಳ ತರುವಾಯ ಕುಟುಂಬ ಪಾರ್ಶ್ವನಾಥ ಸ್ವಾಮಿಯ ದರ್ಶನಕ್ಕೆ ಕಾಶಿಗೆ ಹೋಯಿತು. ಅಲ್ಲಿನ ಪೂಜಾರಿ ಧ್ಯಾನಸ್ಥನಾದಂತೆ ನಟಿಸಿ, ಸ್ವಾಮಿಯ ಯಕ್ಷ ಪ್ರತ್ಯಕ್ಷನಾದನೆಂದೂ, ಸ್ವಾಮಿಯ ಜನ್ಮನಗರದ ಹೆಸರನ್ನೇ ಇಟ್ಟರೆ ಮಗು ದೀರ್ಘಾಯುವಾಗುವುದೆಂದೂ ಹೇಳಿದನು. ಹೀಗೆ ವಿಕ್ರಮಾಜಿತ ಬನಾರಸಿಯಾದನು. ತಮ್ಮ ಹೆಸರಿನ ಮೂಲದಲ್ಲಿಯೇ ಒಂದು ಕಪಟವಿದೆ ಎಂಬುದನ್ನು ಕವಿಗಳು ಮುಚ್ಚಿಡುವುದಿಲ್ಲ. ಅನ್ಯರ ಹರಕೆಯನ್ನು ನಕ್ಕವರು ಜಿನಾಲಯದ ಪೂಜಾರಿಯನ್ನು ಬಿಟ್ಟುಕೊಡದೆ ಒಂದೇ ಅಳತೆಯಲ್ಲಿ ಅಳೆದಿದ್ದಾರೆ. ಪರರ ಅಂಗಡಿಯ ತಕ್ಕಡಿಯನ್ನು ಪರೀಕ್ಷಿಸುವವರು ಬಹಳ. ತಮ್ಮ ಅಂಗಡಿಯ ತಕ್ಕಡಿಗೂ ಅದೇ ಬೊಟ್ಟನ್ನು ಇಡುವವರು ಕಡಿಮೆ.

ಆದರೆ ಈ ನಗೆ ಐವತ್ತೈದರ ವಯಸ್ಸಿನದು. ಹದಿಹರೆಯದ ಬನಾರಸಿ ತಂದೆತಾಯಿಗಿಂತ ಹೆಚ್ಚು ನಂಬುವ ಹುಡುಗನಾಗಿದ್ದನು. ಸಂನ್ಯಾಸಿಯೊಬ್ಬನು ಬಂದು ಒಂದು ಮಂತ್ರವನ್ನು ಕೊಟ್ಟನು. ಒಂದು ವರ್ಷ ಯಾರಿಗೂ ತಿಳಿಯದಂತೆ ಶೌಚಸ್ಥಾನದಲ್ಲಿ ಕುಳಿತು ಜಪಿಸಿದರೆ, ಆಮೇಲೆ ಪ್ರತಿದಿನ ಮನೆಯ ಬಾಗಿಲಲ್ಲಿ ಒಂದು ಚಿನ್ನದ ನಾಣ್ಯ ಬಿದ್ದಿರುವುದೆಂದು ಆಶ್ವಾಸನೆ. ಹುಡುಗನು ಸಂನ್ಯಾಸಿಗೆ ಹಣ ಕೊಟ್ಟು, ವರ್ಷಪೂರ್ತಿ ನಿಯಮ ಪಾಲಿಸಿ, ಅವಧಿ ಮುಗಿದ ಬೆಳಿಗ್ಗೆ ಬಾಗಿಲಿಗೆ ಹೋಗಿ ನೆಲವನ್ನೆಲ್ಲ ಹುಡುಕಿದನು. ನಾಣ್ಯವಿರಲಿಲ್ಲ. ಕೊನೆಗೆ ತಾನು ಓದುತ್ತಿದ್ದ ಭಾನುಚಂದ್ರ ಮುನಿಗಳಲ್ಲಿ ವಿಷಯವನ್ನು ಬಿಚ್ಚಿ ಹೇಳಿದಾಗ, ಅದೆಲ್ಲ ಸುಳ್ಳೆಂದು ಅವರು ತಿಳಿಸಿದರು.

ಇಲ್ಲಿಗೆ ಪಾಠ ಮುಗಿಯಬೇಕಾಗಿತ್ತು. ಮುಗಿಯಲಿಲ್ಲ. ಬಹಳ ಕಾಲ ಕಳೆಯುವ ಮೊದಲೇ ಯೋಗಿಯೊಬ್ಬನು ಬಂದು ಒಂದು ಶಂಖವನ್ನು ಕೊಟ್ಟು, ಇದು ಸದಾಶಿವನ ಮೂರ್ತಿ, ಪೂಜಿಸಿದವನಿಗೆ ಶಿವಪದ ಖಂಡಿತ ಎಂದನು. ಹುಡುಗನು ಅದನ್ನೂ ನಂಬಿದನು. ಪೂಜೆಯಾಗದೆ ಅನ್ನ ಮುಟ್ಟುತ್ತಿರಲಿಲ್ಲ. ಯಾತ್ರೆಗೆ ಹೋದಾಗಲೂ ಶಂಖ ಜೊತೆಯಲ್ಲಿಯೇ ಇತ್ತು. ಮಂತ್ರದ ವಿಷಯದಲ್ಲಿ ಮೋಸಹೋದುದು ಆ ಮಂತ್ರವೊಂದನ್ನು ಮಾತ್ರ ಬಿಡಿಸಿತ್ತು. ನಂಬುವ ಚಾಳಿ ಹಾಗೆಯೇ ಉಳಿದಿತ್ತು, ಏಕೆಂದರೆ ಅದರ ಬೇರು ಆಸೆಯಲ್ಲಿತ್ತು. ಶ್ರಮಕ್ಕೆ ಮೀರಿದ ಫಲವನ್ನು ಬಯಸುವ ಮನಸ್ಸು ಒಬ್ಬ ವಂಚಕನಿಂದ ಬಿಡಿಸಿಕೊಂಡರೆ ಮತ್ತೊಬ್ಬನನ್ನು ಹುಡುಕಿಕೊಂಡು ಹೋಗುತ್ತದೆ. ಒಂದು ಹಣಕಾಸಿನ ಯೋಜನೆಯಲ್ಲಿ ಕಳೆದುಕೊಂಡವರೇ ಮರುವರ್ಷ ಅದಕ್ಕಿಂತ ಹೆಚ್ಚು ಬಡ್ಡಿಯ ಇನ್ನೊಂದರಲ್ಲಿ ಹಣ ತೊಡಗಿಸುವುದನ್ನು ಪೇಟೆಯಲ್ಲಿ ಇಂದಿಗೂ ಕಾಣಬಹುದು.

1605ರಲ್ಲಿ ಅಕ್ಬರ್ ಬಾದಶಹನು ತೀರಿಕೊಂಡ ಸುದ್ದಿ ಜೌನಪುರಕ್ಕೆ ಬಂದಿತು. ಊರಿನಲ್ಲಿ ಭೀತಿ ಹಬ್ಬಿತು, ಅಂಗಡಿಗಳು ಮುಚ್ಚಿದವು, ಜನರು ಒಡವೆ ವಸ್ತುಗಳನ್ನು ಹೂಳಿಟ್ಟರು. ಮನೆಯ ಮೆಟ್ಟಿಲಿನ ಮೇಲೆ ಕುಳಿತಿದ್ದ ಬನಾರಸಿ ಸುದ್ದಿ ಕೇಳಿ ಮೂರ್ಛೆಹೋಗಿ ಉರುಳಿ ಬಿದ್ದನು. ಹಣೆ ಒಡೆದು ರಕ್ತ ಹರಿಯಿತು. ತಾಯಿ ಬಟ್ಟೆ ಸುಟ್ಟು ಗಾಯಕ್ಕೆ ಹಚ್ಚಿದಳು. ಗುಣವಾದ ಮೇಲೆ ಒಂದು ದಿನ ಏಕಾಂತದಲ್ಲಿ ಕುಳಿತು ಆತನು ಯೋಚಿಸಿದನು: ಬೀಳುವಾಗ ಶಿವನು ಬಂದು ಕೈಹಿಡಿಯಲಿಲ್ಲವಲ್ಲ! ಅಂದಿನಿಂದ ಶಂಖಪೂಜೆ ನಿಂತಿತು.

ಈ ಪ್ರಸಂಗವನ್ನು ಪ್ರವಚನಗಳಲ್ಲಿ ಹೇಳುವುದಾದರೆ ಮಿಥ್ಯಾತ್ವವು ಕಳಚಿದ ದಿನವೆಂದು ಹೇಳುವ ಸಂಭವವಿದೆ. ಹಾಗೆ ಹೇಳುವುದು ಸರಿಯಲ್ಲ. ತರ್ಕದ ದೃಷ್ಟಿಯಿಂದ ಆ ಯೋಚನೆ ದುರ್ಬಲವಾದುದು. ಜಿನಪೂಜೆಯನ್ನು ತಪ್ಪದೆ ಮಾಡುವವರೂ ಮೆಟ್ಟಿಲಿನಿಂದ ಬೀಳುತ್ತಾರೆ. ಅವರೂ ಇದೇ ಯುಕ್ತಿಯನ್ನು ಹಿಡಿದರೆ ಬಸದಿಗಳ ಬಾಗಿಲು ಮುಚ್ಚಬೇಕಾದೀತು. ಶಿವಭಕ್ತರಾದ ವಿಚಾರವಂತರು ಯಾರೂ ಶಂಖವನ್ನು ಬೀಳದಂತೆ ಕಾಯುವ ರಕ್ಷೆಯೆಂದು ತಿಳಿದವರಲ್ಲ. ಇಲ್ಲಿ ನಡೆದುದು ವ್ಯಾಪಾರದ ಒಪ್ಪಂದವೊಂದರ ರದ್ದತಿ, ಅಷ್ಟೆ. ಆದರೂ ಒಂದು ಹೆಜ್ಜೆ ಮುಂದಾಗಿತ್ತೆಂಬುದನ್ನು ಒಪ್ಪಬೇಕು. ಮಂತ್ರದ ಸುಳ್ಳನ್ನು ಬೇರೆಯವರು ಹೇಳಿ ತಿಳಿಸಬೇಕಾಯಿತು. ಶಂಖದ ವಿಷಯದಲ್ಲಿ ಪ್ರಶ್ನೆಯನ್ನು ಆತನೇ ಕೇಳಿಕೊಂಡನು. ಸುಮಾರು ಆ ದಿನಗಳಲ್ಲಿಯೇ, ಸ್ವತಃ ರಚಿಸಿದ್ದ ಸಾವಿರ ಪದ್ಯಗಳ ಶೃಂಗಾರಪ್ರಧಾನ ಕಾವ್ಯವನ್ನು ಗೋಮತಿ ನದಿಯ ಸೇತುವೆಯ ಮೇಲೆ ಗೆಳೆಯರಿಗೆ ಓದಿ ಹೇಳುತ್ತಿದ್ದಾಗ, ಒಂದು ಸುಳ್ಳಾಡಿದರೂ ಪಾಪವೆನ್ನುವಾಗ ಇಷ್ಟೊಂದು ಕಲ್ಪಿತವನ್ನು ಬರೆದ ಗತಿಯೇನೆಂದು ಹೊಳೆದು, ಹಸ್ತಪ್ರತಿಯನ್ನು ನೀರಿಗೆ ಎಸೆದುದೂ ಉಂಟು. ಕಾವ್ಯಪ್ರಿಯರು ಇದಕ್ಕಾಗಿ ಮರುಗುವರು. ಅವರ ಮರುಕಕ್ಕೂ ಕಾರಣವಿದೆ.

ಮುಂದಿನ ಕೆಲವು ವರ್ಷಗಳ ವ್ಯಾಪಾರದ ಕಥೆ ಸ್ವಾರಸ್ಯವಾದುದು. ಆಗ್ರಾಕ್ಕೆ ಮೊದಲ ಬಾರಿ ಸರಕು ತಂದಾಗ ಇಜಾರದ ಲಾಡಿಯಲ್ಲಿ ಕಟ್ಟಿಕೊಂಡಿದ್ದ ರತ್ನಗಳು ಎಲ್ಲಿಯೋ ಬಿದ್ದುಹೋದವು. ಬಂಡವಾಳ ಕರಗಿದ ಮೇಲೆ ಕಚೋರಿ ಮಾರುವವನೊಬ್ಬನ ಅಂಗಡಿಯಲ್ಲಿ ತಿಂಗಳುಗಟ್ಟಲೆ ಉದ್ದರಿ ತಿಂದು ದಿನ ಕಳೆದರು. ತಮ್ಮ ಸ್ಥಿತಿಯನ್ನು ಮುಚ್ಚಿಡದೆ ಹೇಳಿದಾಗಲೂ ಉದ್ದರಿ ನಿಲ್ಲಿಸದ ಆ ಅಂಗಡಿಯವನ ಸೌಜನ್ಯವನ್ನು ಓದುವಾಗ ವ್ಯಾಪಾರಸ್ಥರ ಮನಸ್ಸು ಕರಗದಿರದು. ಆದರೆ ಪ್ರಸ್ತುತ ವಿಷಯಕ್ಕೆ ಬೇಕಾದುದು 1623ರ ಘಟನೆ.

ಆ ವರ್ಷ ಅರಥಮಲ ಢೋರ್ ಎಂಬ ಅಧ್ಯಾತ್ಮಪ್ರಿಯರು ಬನಾರಸೀದಾಸರಿಗೆ ಕುಂದಕುಂದಾಚಾರ್ಯರ ಸಮಯಸಾರವನ್ನು ರಾಜಮಲ್ಲರ ದೇಶಭಾಷೆಯ ಟೀಕೆಯೊಡನೆ ಕೊಟ್ಟರು. ಶ್ವೇತಾಂಬರ ಮನೆತನದ ಬನಾರಸೀದಾಸರು ಅದನ್ನು ಆಸಕ್ತಿಯಿಂದ ಓದಿದರು. ನಿಶ್ಚಯನಯದ ದೃಷ್ಟಿಯಿಂದ ಆತ್ಮನು ಶುದ್ಧ, ಬುದ್ಧ, ಕರ್ಮದಿಂದ ಅಸ್ಪೃಷ್ಟ. ಬಾಹ್ಯಕ್ರಿಯೆಗಳು ಆತ್ಮನ ಸ್ವರೂಪವಲ್ಲ ಎಂಬ ಮಾತುಗಳು ಅವರ ತಲೆಯಲ್ಲಿ ನೆಟ್ಟವು. ಹಾಗಾದರೆ ಇಷ್ಟು ದಿನ ಮಾಡಿದ ಜಪ, ತಪ, ಸಾಮಾಯಿಕ, ಪ್ರತಿಕ್ರಮಣಗಳಿಗೆ ಅರ್ಥವೇನು? ಒಂದೊಂದನ್ನಾಗಿ ಬಿಟ್ಟರು. ಮುಂದುವರಿದು ದೇವರಿಗೆ ಅರ್ಪಿಸಿದ ನೈವೇದ್ಯವನ್ನೂ ತಿನ್ನತೊಡಗಿದರು. ಅವರೂ ಚಂದ್ರಭಾನ, ಉದಯಕರಣ, ಥಾನಮಲ್ಲರೆಂಬ ಮೂವರು ಗೆಳೆಯರೂ ಒಂದು ಕೋಣೆಯಲ್ಲಿ ಬಾಗಿಲು ಹಾಕಿಕೊಂಡು, ಬಟ್ಟೆ ಕಳಚಿ, ಪರಿಗ್ರಹವಿಲ್ಲದ ಮುನಿಗಳಾದೆವೆಂದು ಹೇಳುತ್ತ ಸುತ್ತು ಹಾಕುತ್ತಿದ್ದರಂತೆ. ಊರಿನ ಜನ ಇವರಿಗೆ ಅಡ್ಡಹೆಸರಿಟ್ಟು ಆಡಿಕೊಂಡರು. ಇದು ಒಂದೆರಡು ದಿನದ ಹುಚ್ಚಾಗಿರಲಿಲ್ಲ. ಕ್ರಿಯೆಯನ್ನೆಲ್ಲ ತೊರೆದ ಈ ಸ್ಥಿತಿ ಸುಮಾರು ಹನ್ನೆರಡು ವರ್ಷ ಉಳಿಯಿತೆಂದು ಅವರೇ ಬರೆದಿದ್ದಾರೆ.

ಸ್ವತಂತ್ರ ವಿಚಾರವೆಂದರೆ ಏನೆಂಬ ಪ್ರಶ್ನೆ ಈ ಹನ್ನೆರಡು ವರ್ಷಗಳಲ್ಲಿ ಅಡಗಿದೆ. ಹೊರಗಿನಿಂದ ನೋಡಿದರೆ ಬನಾರಸೀದಾಸರು ಆಗ ಪೂರ್ಣ ಸ್ವತಂತ್ರರು. ಕುಲದ ಸಂಪ್ರದಾಯವನ್ನು ದಾಟಿದ್ದರು, ಜನಾಪವಾದಕ್ಕೆ ಹೆದರುತ್ತಿರಲಿಲ್ಲ, ಓದಿದುದನ್ನು ಕೃತಿಯಲ್ಲಿ ತೋರಿಸುತ್ತಿದ್ದರು. ಆದರೆ ಸೂಕ್ಷ್ಮವಾಗಿ ಪರಿಶೀಲಿಸಿದರೆ ಅವರು ಶಂಖವನ್ನು ಪೂಜಿಸುತ್ತಿದ್ದ ಹುಡುಗನಿಗಿಂತ ಬಹಳ ದೂರ ಬಂದಿರಲಿಲ್ಲ. ಅಂದು ಕೈಗೆ ಬಂದ ಶಂಖವನ್ನು ಪರೀಕ್ಷಿಸದೆ ನಂಬಿದಂತೆ, ಇಂದು ಕೈಗೆ ಬಂದ ಗ್ರಂಥದ ಒಂದು ನಯವನ್ನು ಪರೀಕ್ಷಿಸದೆ ನಂಬಿದ್ದರು. ಅಂದಿನ ನಂಬಿಕೆಗೆ ಆಸೆ ಕಾರಣವಾದರೆ ಇಂದಿನದಕ್ಕೆ ಹೆಮ್ಮೆ ಕಾರಣ. ಉಳಿದವರೆಲ್ಲ ಕ್ರಿಯೆಯ ಕೆಸರಿನಲ್ಲಿ ಸಿಕ್ಕಿರುವಾಗ ಸತ್ಯವನ್ನು ಕಂಡವರು ತಾವು ನಾಲ್ವರೇ ಎಂಬ ಭಾವನೆ ಚಿನ್ನದ ನಾಣ್ಯಕ್ಕಿಂತ ಹೆಚ್ಚು ಮೋಹಕವಾದುದು. ಕುಂದಕುಂದಾಚಾರ್ಯರ ಗ್ರಂಥದಲ್ಲಿ ಲೋಪವಿರಲಿಲ್ಲ. ವ್ಯವಹಾರನಯವಿಲ್ಲದೆ ಪರಮಾರ್ಥವನ್ನು ಉಪದೇಶಿಸಲು ಸಾಧ್ಯವಿಲ್ಲವೆಂದು ಅದೇ ಗ್ರಂಥದಲ್ಲಿ ಆಚಾರ್ಯರು ಹೇಳಿದ್ದಾರೆ. ಓದಿದವರ ಕಣ್ಣು ತನಗೆ ಹಿತವಾದ ಪುಟದ ಮೇಲೆ ನಿಂತಿತ್ತು.

ರೋಕಡ ಪುಸ್ತಕದಲ್ಲಿ ಜಮಾ ಬದಿಯನ್ನು ಮಾತ್ರ ಕೂಡಿ ಶಿಲ್ಕು ತೆಗೆದವನನ್ನು ಲೆಕ್ಕ ಬಲ್ಲವನೆಂದು ಯಾವ ಸಾಹುಕಾರನೂ ಒಪ್ಪುವುದಿಲ್ಲ. ಧರ್ಮದ ವಿಷಯದಲ್ಲಿ ಮಾತ್ರ ಒಂದು ಬದಿಯ ಲೆಕ್ಕವೇ ಧೈರ್ಯವೆಂದೂ ವೈಚಾರಿಕತೆಯೆಂದೂ ಹೊಗಳಿಸಿಕೊಳ್ಳುವುದುಂಟು.

ವಿಕ್ರಮ ಸಂವತ್ 1692, ಅಂದರೆ 1635ರಲ್ಲಿ, ಪಂಡಿತ ರೂಪಚಂದರು ಆಗ್ರಾಕ್ಕೆ ಬಂದರು. ತಿಹುನಾ ಸಾಹುವಿನ ಜಿನಾಲಯದಲ್ಲಿ ಇಳಿದುಕೊಂಡು ಗೊಮ್ಮಟಸಾರವನ್ನು ಪ್ರವಚನ ಮಾಡಿದರು. ಇಲ್ಲಿ ಕರ್ನಾಟಕದ ಓದುಗರು ಒಂದು ಕ್ಷಣ ನಿಲ್ಲಬೇಕು. ಗೊಮ್ಮಟಸಾರವು 10ನೆಯ ಶತಮಾನದಲ್ಲಿ ನೇಮಿಚಂದ್ರ ಸಿದ್ಧಾಂತಚಕ್ರವರ್ತಿಗಳು ಗಂಗರ ಮಂತ್ರಿ ಚಾವುಂಡರಾಯನಿಗಾಗಿ ರಚಿಸಿದ ಗ್ರಂಥ. ಶ್ರವಣಬೆಳಗೊಳದ ಬಾಹುಬಲಿ ಮೂರ್ತಿಯನ್ನು ಮಾಡಿಸಿದ ಚಾವುಂಡರಾಯನ ಇನ್ನೊಂದು ಹೆಸರಾದ ಗೊಮ್ಮಟ ಎಂಬುದೇ ಗ್ರಂಥದ ಹೆಸರಿನಲ್ಲಿದೆ. ಅದಕ್ಕೆ ಕೇಶವವರ್ಣಿಯು 1359ರಲ್ಲಿ ಕನ್ನಡದಲ್ಲಿ ವೃತ್ತಿಯನ್ನು ಬರೆದನು. ಸಂಸ್ಕೃತ ಟೀಕೆ ಆ ಕನ್ನಡ ವೃತ್ತಿಯನ್ನು ಆಧರಿಸಿ ಹುಟ್ಟಿತು. ಕನ್ನಡ ನೆಲದ ಗ್ರಂಥವೊಂದು ಏಳು ಶತಮಾನಗಳ ತರುವಾಯ ಯಮುನೆಯ ದಡದ ವ್ಯಾಪಾರಿಯೊಬ್ಬರ ಬುದ್ಧಿಯನ್ನು ನೆಲೆಗೆ ತಂದಿತೆಂಬುದು ಕನ್ನಡಿಗರು ಹೆಚ್ಚಾಗಿ ಗಮನಿಸದ ಸಂಗತಿ.

ರೂಪಚಂದರು ಮಾಡಿದುದೇನು? ಸಮಯಸಾರವನ್ನು ಓದಬೇಡಿರೆಂದು ಅವರು ಹೇಳಿದಂತೆ ಅರ್ಧಕಥಾನಕದಲ್ಲಿ ಎಲ್ಲಿಯೂ ಇಲ್ಲ. ಅವರು ಹದಿನಾಲ್ಕು ಗುಣಸ್ಥಾನಗಳನ್ನು ವಿವರಿಸಿದರು. ಯಾವ ಗುಣಸ್ಥಾನದಲ್ಲಿ ಯಾವ ಕರ್ಮದ ಉದಯವಿರುತ್ತದೆ, ಯಾವ ಕ್ರಿಯೆ ಅಲ್ಲಿಗೆ ಉಚಿತ, ಶುದ್ಧೋಪಯೋಗದ ಮಾತು ಯಾವ ಮೆಟ್ಟಿಲಿನವರಿಗೆ ಅನ್ವಯಿಸುತ್ತದೆ ಎಂಬ ಕ್ರಮ ತಿಳಿದೊಡನೆ, ನಾಲ್ಕನೆಯದೋ ಐದನೆಯದೋ ಮೆಟ್ಟಿಲಿನಲ್ಲಿ ನಿಂತ ಗೃಹಸ್ಥನು ಬಟ್ಟೆ ಕಳಚಿ ಏಳನೆಯದರ ಮಾತನ್ನಾಡುವುದು ಎಷ್ಟು ಅಸಂಗತವೆಂಬುದು ಬನಾರಸೀದಾಸರಿಗೆ ತಾನಾಗಿ ಹೊಳೆಯಿತು. ಆಗ ಅವರಿಗೆ ನಲವತ್ತೊಂಬತ್ತು ವರ್ಷ. ಸಾರ್ವಜನಿಕವಾಗಿ ಹನ್ನೆರಡು ವರ್ಷ ಹಿಡಿದಿದ್ದ ಪಕ್ಷವನ್ನು ಆ ವಯಸ್ಸಿನಲ್ಲಿ, ಅದೇ ಊರಿನಲ್ಲಿ, ಅದೇ ಜನರೆದುರು ತಿದ್ದಿಕೊಳ್ಳುವುದು ಸುಲಭದ ಮಾತಲ್ಲ. ಅವರ ಇಡೀ ಜೀವನದಲ್ಲಿ ನಿಜವಾದ ಸ್ವಾತಂತ್ರ್ಯ ಕಾಣಿಸಿದುದು ಇಲ್ಲಿಯೇ ಎಂದು ಹೇಳಬೇಕು. ಕುಲಾಚಾರವನ್ನು ಬಿಟ್ಟಾಗ ಕಾಣಿಸಿದುದು ಅದರ ಆರಂಭವಷ್ಟೆ.

ಮರುವರ್ಷ, 1636ರಲ್ಲಿ, ಅವರು ನಾಟಕ ಸಮಯಸಾರವನ್ನು ಬರೆದು ಮುಗಿಸಿದರು. ಯಾವ ಗ್ರಂಥದಿಂದ ದಾರಿ ತಪ್ಪಿದ್ದರೋ ಅದನ್ನು ಕೆಳಗಿಡದೆ, ಈ ಬಾರಿ ಎರಡೂ ನಯಗಳೊಡನೆ ಕೈಗೆತ್ತಿಕೊಂಡರು. ಉತ್ತರ ಭಾರತದ ಸ್ವಾಧ್ಯಾಯ ಮಂಡಲಿಗಳಲ್ಲಿ ಆ ಕೃತಿಯ ಪಠನ ಇಂದಿಗೂ ನಡೆಯುತ್ತದೆ. ಅವರ ಮತವನ್ನು ಎಲ್ಲರೂ ಒಪ್ಪಿದರೆಂದಲ್ಲ. ಶ್ವೇತಾಂಬರ ವಿದ್ವಾಂಸರಾದ ಮೇಘವಿಜಯರು ಅದನ್ನು ಖಂಡಿಸಲೆಂದೇ ಯುಕ್ತಿಪ್ರಬೋಧ ಎಂಬ ಗ್ರಂಥವನ್ನು ರಚಿಸಿದರು. ಉತ್ತರಕ್ಕೆ ಉತ್ತರವಾಗಿ ಗ್ರಂಥ ಹುಟ್ಟುವುದು ಆರೋಗ್ಯದ ಲಕ್ಷಣವೇ ಹೌದು.

ಈ ಕಥೆಯ ಬನಾರಸಿಗಳು ಇಂದಿನ ಜೈನ ಕುಟುಂಬಗಳಲ್ಲಿಯೂ ಇದ್ದಾರೆ. ಮಂತ್ರವೊಂದನ್ನು ಹನ್ನೊಂದು ಜನರಿಗೆ ಕಳುಹಿಸಿದರೆ ಶುಭವಾರ್ತೆ ಬರುವುದೆಂಬ ಸಂದೇಶ ಮೊಬೈಲಿಗೆ ಬಂದೊಡನೆ ಹನ್ನೊಂದು ಹೆಸರು ಹುಡುಕುವವರಲ್ಲಿ ಪದವೀಧರರು ಕಡಿಮೆಯೇನಲ್ಲ. ಜೈನಾಗಮದ ಇಂಥ ಮಾತನ್ನು ವಿದೇಶದ ವಿಜ್ಞಾನಿಗಳು ಸಿದ್ಧಪಡಿಸಿದ್ದಾರೆ ಎಂಬ ಸಂದೇಶವಂತೂ ಇನ್ನೂ ವೇಗವಾಗಿ ಹರಡುತ್ತದೆ. ಯಾವ ವಿಜ್ಞಾನಿ, ಯಾವ ವರ್ಷ, ಎಲ್ಲಿ ಪ್ರಕಟವಾಗಿದೆ ಎಂದು ಕೇಳುವವರಿಲ್ಲ, ಏಕೆಂದರೆ ಅಲ್ಲಿರುವುದು ಸ್ವಪಕ್ಷದ ಹೊಗಳಿಕೆ. ರಾತ್ರಿಭೋಜನ ತ್ಯಾಗಕ್ಕೂ ನೀರು ಸೋಸುವುದಕ್ಕೂ ಆಚಾರ್ಯರು ಕೊಟ್ಟ ಕಾರಣ ಅಹಿಂಸೆ. ಆ ಕಾರಣವನ್ನು ಬದಿಗೊತ್ತಿ ಊಹಾಪೋಹದ ವಿಜ್ಞಾನವನ್ನು ಆಸರೆಯಾಗಿ ಕೊಟ್ಟರೆ, ಆ ಊಹೆ ಸುಳ್ಳೆಂದು ತಿಳಿದ ದಿನ ಮಕ್ಕಳು ಊಹೆಯೊಡನೆ ವ್ರತವನ್ನೂ ಎಸೆಯುತ್ತಾರೆ.

ಎಸೆಯುವ ಮಕ್ಕಳ ವಿಷಯದಲ್ಲಿಯೂ ಒಂದು ಮಾತು. ಕಾಲೇಜಿನ ಎರಡನೆಯ ವರ್ಷದಲ್ಲಿ ಒಂದು ಪುಸ್ತಕ ಓದಿ ಅಥವಾ ಒಂದು ಭಾಷಣ ಕೇಳಿ, ಇದುವರೆಗಿನದೆಲ್ಲ ಮೌಢ್ಯವೆಂದು ಮನೆಯಲ್ಲಿ ಘೋಷಿಸುವ ಯುವಕರನ್ನು ಕಂಡು ತಂದೆತಾಯಿ ಎದೆಗುಂದುವುದುಂಟು. ಅಂಥವರನ್ನು ನಾಸ್ತಿಕರೆಂದು ದೂರ ಮಾಡುವುದಕ್ಕಿಂತ ಅವರು ಮುಂದೆ ಓದುವಂತೆ ಮಾಡುವುದು ಉಚಿತ. ಹನ್ನೆರಡು ವರ್ಷ ಬನಾರಸೀದಾಸರನ್ನು ಆಡಿಕೊಂಡ ಆಗ್ರಾದ ಜನರಿಂದ ಅವರು ಬದಲಾಗಲಿಲ್ಲ. ಒಂದು ಗ್ರಂಥವನ್ನು ಓದಿ ಕೆಟ್ಟವರನ್ನು ಇನ್ನೊಂದು ಗ್ರಂಥ, ಅದನ್ನು ಬಲ್ಲವರ ಬಾಯಿಂದ ಬಂದು, ಸರಿಪಡಿಸಿತು. ಹಾಗೆ ಬಲ್ಲವರು ಇಂದು ಎಷ್ಟು ಊರುಗಳಲ್ಲಿ ಸಿಗುತ್ತಾರೆ ಎಂಬುದನ್ನು ಬಸದಿಗಳ ಧರ್ಮದರ್ಶಿಗಳು ತಮ್ಮನ್ನೇ ಕೇಳಿಕೊಳ್ಳಬೇಕು. ಶಿಖರಕ್ಕೆ ಬಣ್ಣ ಬಳಿಸುವ ನಿಧಿಗೆ ಬರುವ ಹಣದಲ್ಲಿ ಹತ್ತರಲ್ಲೊಂದು ಪಾಲು ಸ್ವಾಧ್ಯಾಯಕ್ಕೆ ಮೀಸಲಾಗಿರುವ ಟ್ರಸ್ಟುಗಳು ಇದ್ದರೆ ಅವು ಅಭಿನಂದನೀಯ.

ಟ್ರಸ್ಟುಗಳ ವಾರ್ಷಿಕ ಸಭೆಯೂ ಪರೀಕ್ಷೆಯ ಸ್ಥಳವೇ. ಅಭಿಷೇಕದ ಸವಾಲಿನಲ್ಲಿ ಬಂದ ಮೊತ್ತ, ಬಾಕಿ ಉಳಿದ ಮೊತ್ತ, ಜೀರ್ಣೋದ್ಧಾರದ ಖರ್ಚು ಇವುಗಳನ್ನು ಓದಿ ಹೇಳಿದಾಗ ಕೇಳಿಬರುವ ಶಬ್ದ "ಮಂಜೂರು" ಒಂದೇ. ರಸೀದಿಯನ್ನು ತೋರಿಸಿ ಎಂದು ಕೇಳಿದವನನ್ನು ಧರ್ಮದ್ರೋಹಿಯಂತೆ ನೋಡುವ ವಾಡಿಕೆ ಎಲ್ಲಿದೆಯೋ ಅಲ್ಲಿ ಪ್ರಾಮಾಣಿಕರಾದ ಧರ್ಮದರ್ಶಿಗಳಿಗೇ ಹಾನಿ ಹೆಚ್ಚು. ಲೆಕ್ಕ ಸರಿಯಾಗಿದ್ದರೂ ಅದು ಸರಿಯೆಂದು ತೋರಿಸುವ ಅವಕಾಶ ಅವರಿಗೆ ಸಿಗುವುದಿಲ್ಲ. ನಿಃಶಂಕಿತವು ಲೆಕ್ಕಪತ್ರಗಳಿಗೆ ಅನ್ವಯಿಸುವ ಅಂಗವಲ್ಲ.

ಪರೀಕ್ಷೆಯಿಂದ ಶ್ರದ್ಧೆ ಕೆಡುವುದೆಂಬ ಭಯ ಇನ್ನೂ ಉಳಿದವರು ಗೊಮ್ಮಟಸಾರದ ಮೂಲವಾದ ಷಟ್ಖಂಡಾಗಮದ ಪ್ರಕಟಣೆಯ ಚರಿತ್ರೆಯನ್ನು ನೋಡಬೇಕು. ಪುಷ್ಪದಂತ, ಭೂತಬಲಿ ಆಚಾರ್ಯರ ಆ ಆಗಮ, ವೀರಸೇನಾಚಾರ್ಯರ ಧವಲಾ ಟೀಕೆಯೊಡನೆ, ಮೂಡುಬಿದಿರೆಯಲ್ಲಿ ಹಳಗನ್ನಡ ಲಿಪಿಯ ತಾಳೆಯೋಲೆಗಳಲ್ಲಿ ಉಳಿದಿತ್ತು. ಶತಮಾನಗಳ ಕಾಲ ಯಾತ್ರಿಕರು ಆ ಓಲೆಗಳ ದರ್ಶನ ಮಾಡಿ ಕೈಮುಗಿದು ಹಿಂದಿರುಗುತ್ತಿದ್ದರು; ಓದುವವರಿರಲಿಲ್ಲ. 1896ರಲ್ಲಿ ಪ್ರತಿ ಮಾಡುವ ಕಾರ್ಯ ಆರಂಭವಾಗಿ, ನಕಲಿನ ನಕಲುಗಳು ಉತ್ತರ ಭಾರತಕ್ಕೆ ತಲುಪಿದವು. ಸಿದ್ಧಾಂತ ಗ್ರಂಥವನ್ನು ಗೃಹಸ್ಥರು ಓದಬಾರದು, ಅಚ್ಚು ಹಾಕಿಸಬಾರದು ಎಂಬ ವಿರೋಧದ ನಡುವೆ ಡಾ. ಹೀರಾಲಾಲ ಜೈನರ ಸಂಪಾದಕತ್ವದಲ್ಲಿ ಮೊದಲ ಸಂಪುಟ 1939ರಲ್ಲಿ ಅಮರಾವತಿಯಿಂದ ಪ್ರಕಟವಾಯಿತು.

ಆ ಸಂಪುಟದ 93ನೆಯ ಸೂತ್ರ ಮನುಷ್ಯಿನಿಯರಿಗೆ ಸಂಬಂಧಿಸಿದುದು. ಅವರು ಯಾವ ಯಾವ ಗುಣಸ್ಥಾನಗಳಲ್ಲಿ ನಿಯಮದಿಂದ ಪರ್ಯಾಪ್ತರಾಗಿರುತ್ತಾರೆ ಎಂಬುದನ್ನು ಅದು ಹೇಳುತ್ತದೆ. ಸಂಪಾದಕರ ಕೈಯಲ್ಲಿದ್ದ ನಕಲುಗಳಲ್ಲಿ ಪಟ್ಟಿ ಸಂಯತಾಸಂಯತ, ಅಂದರೆ ಐದನೆಯ ಗುಣಸ್ಥಾನಕ್ಕೆ ಮುಗಿದಿತ್ತು. ಆದರೆ ಸೂತ್ರದ ಕೆಳಗಿನ ಟೀಕೆಯಲ್ಲಿ ವೀರಸೇನಾಚಾರ್ಯರು ಎತ್ತಿಕೊಂಡ ಆಕ್ಷೇಪ ಮತ್ತು ಸಮಾಧಾನಗಳು, ಸೂತ್ರದಲ್ಲಿ 'ಸಂಜದ', ಅಂದರೆ ಸಂಯತ ಎಂಬ ಪದವೂ ಇದ್ದರೆ ಮಾತ್ರ ಹೊಂದುವಂತಿದ್ದವು. ಸಂಪಾದಕರು ಆ ಪದವನ್ನು ಮೂಲದಲ್ಲಿ ತುರುಕಲಿಲ್ಲ. ಇಲ್ಲಿ ಈ ಪದ ಬಿಟ್ಟುಹೋದಂತೆ ತೋರುತ್ತದೆ ಎಂದು ಅಡಿಟಿಪ್ಪಣಿಯಲ್ಲಿ ಸೂಚಿಸಿ ಮುಂದೆ ಸಾಗಿದರು.

ಅಷ್ಟಕ್ಕೇ ದೊಡ್ಡ ವಿವಾದ ಎದ್ದಿತು. ಸ್ತ್ರೀಯರಿಗೆ ಸಕಲಸಂಯಮವನ್ನು ಒಪ್ಪಿದರೆ ದಿಗಂಬರ ಸಿದ್ಧಾಂತದ ಗತಿಯೇನು ಎಂಬ ಆತಂಕದಿಂದ ಅನೇಕ ಪಂಡಿತರು ಆ ಟಿಪ್ಪಣಿಯನ್ನು ಖಂಡಿಸಿದರು. ಪದ ಇರಲೇಬಾರದೆಂಬುದಕ್ಕೆ ಯುಕ್ತಿಗಳನ್ನು ಒಟ್ಟುಗೂಡಿಸಿದರು. ಲೇಖನಗಳು, ಪ್ರತಿಲೇಖನಗಳು ವರ್ಷಗಟ್ಟಲೆ ಹರಿದವು. ಕಡೆಗೆ ಮೂಡುಬಿದಿರೆಯ ತಾಳೆಯೋಲೆಗಳನ್ನು ತೆಗೆದು 93ನೆಯ ಸೂತ್ರವನ್ನು ಓದಿಸಿ ನೋಡಲಾಯಿತು. 'ಸಂಜದ' ಪದ ಅಲ್ಲಿತ್ತು. ಬಿಟ್ಟುಹೋದುದು ನಕಲು ಮಾಡುವವರ ಕೈಯಲ್ಲಿ.

ದಿಗಂಬರ ಸಿದ್ಧಾಂತ ಅದರಿಂದ ಕುಸಿದು ಬೀಳಲಿಲ್ಲ. ಆ ಸೂತ್ರದ ಮನುಷ್ಯಿನಿ ಎಂಬ ಪದವನ್ನು ಭಾವವೇದದ ದೃಷ್ಟಿಯಿಂದ ತಿಳಿಯಬೇಕೋ, ದ್ರವ್ಯವೇದದ ದೃಷ್ಟಿಯಿಂದ ತಿಳಿಯಬೇಕೋ ಎಂಬ ಚರ್ಚೆ ಪಂಡಿತರಲ್ಲಿ ಮುಂದುವರಿಯಿತು. ಎರಡೂ ಕಡೆಯವರು ತಮ್ಮ ತಮ್ಮ ಪ್ರಮಾಣಗಳನ್ನು ಮುಂದಿಟ್ಟರು. ಆದರೆ ಆ ಓಲೆಯನ್ನು ಓದಿದ ಮೇಲೆ, ಪದ ಇದೆಯೋ ಇಲ್ಲವೋ ಎಂಬ ವಾದಕ್ಕೆ ಎಡೆ ಉಳಿಯಲಿಲ್ಲ.